ಒಂಬತ್ತು ವರ್ಷದ ಹಿಂದಿನ ಮದುವೆಗೆ ಹೊಸ ತಾರೀಕು ಬೇಡ

ಪ್ರಶ್ನೆ: ಮೇಡಂ, ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಒಂಬತ್ತು ವರ್ಷ ದಾಟಿತು. ಸೋದರತ್ತೆ ಮಗನನ್ನೇ ಮದುವೆಯಾದೆ. ಅತ್ತೆಯ ಮನೆ ಮದನಪಲ್ಲಿ, ಹಾಗಾಗಿ ಮದುವೆ ಅಲ್ಲಿನ ಛತ್ರದಲ್ಲೇ ನಡೆಯಿತು. 2016ರ ಫೆಬ್ರುವರಿ 20, ಶನಿವಾರ ಸಂಜೆ ರಿಸೆಪ್ಷನ್. 21, ಭಾನುವಾರ ಬೆಳಗ್ಗೆ ಮುಹೂರ್ತ. ಲಗ್ನಪತ್ರಿಕೆ ತೆಲುಗಿನಲ್ಲಿದೆ. ಈಗ ಕೋಲಾರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಇಬ್ಬರು ಮಕ್ಕಳು. ನಮ್ಮವರು ನರಸಾಪುರದ ಒಂದು ಕಾರ್ಖಾನೆಯಲ್ಲಿದ್ದಾರೆ. ಕಂಪನಿಯಿಂದ ಮೂರು ವರ್ಷ ಜಪಾನಿಗೆ ಕಳಿಸುತ್ತಾರಂತೆ, ನಾನು ಮಕ್ಕಳು ಜೊತೆಗೆ ಹೋಗಬೇಕಾದರೆ ಮದುವೆ ಸರ್ಟಿಫಿಕೇಟ್ ಬೇಕೇ ಬೇಕು ಅಂತಾರೆ. ನಾವು ನೋಂದಣಿ ಮಾಡಿಸಿಲ್ಲ. ನನ್ನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಹುಟ್ಟಿದ ತಾರೀಕೂ ಬೇರೆ. ಒಬ್ಬರು ಏಜೆಂಟ್ ಸಿಕ್ಕಿದ್ದಾರೆ. ‘ಹಳೇ ಮದುವೆ ರಿಜಿಸ್ಟರ್ ಆಗಲ್ಲ, ಆಂಧ್ರದಲ್ಲಿ ಆಗಿದ್ದಂತೂ ಇಲ್ಲಿ ನಡೆಯಲ್ಲ. ಹೋದ ತಿಂಗಳು ಇಲ್ಲೇ ದೇವಸ್ಥಾನದಲ್ಲಿ ಮದುವೆ ಆಯ್ತು ಅಂತ ರಸೀದಿ ಮಾಡಿಸ್ತೀನಿ, ಒಂಬತ್ತು ಸಾವಿರ ಆಗುತ್ತೆ’ ಅಂದರು. ಎರಡು ಸಾವಿರ ಮುಂಗಡ ಕೊಟ್ಟಿದ್ದೇವೆ. ಇದು ಸರೀನಾ? ಸಂಬಂಧದಲ್ಲಿ ಮದುವೆ ಆಗಿರೋದು ತೊಂದರೆ ಆಗುತ್ತಾ?

ಉತ್ತರ:

ಸರಿಯಲ್ಲ. ಮುಂಗಡ ಹೋದರೆ ಹೋಗಲಿ, ಆ ರಸೀದಿ ಮಾತ್ರ ಮಾಡಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ದೊಡ್ಡ ಮಗುವಿನ ಜನನ ಪ್ರಮಾಣಪತ್ರ ತೆಗೆದು ನೋಡಿ. ಅದರಲ್ಲಿ ತಂದೆ ತಾಯಿ ಅಂತ ನಿಮ್ಮಿಬ್ಬರ ಹೆಸರಿದೆ. ನಿಮ್ಮವರ ಇಎಸ್‌ಐ ಕಾರ್ಡಿನಲ್ಲಿ ಹೆಂಡತಿ ಅಂತ ನಿಮ್ಮ ಹೆಸರಿರುತ್ತದೆ. ಪಿಎಫ್ ನಾಮಿನಿ ನೀವೇ ಇರಬೇಕು. ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಗುವಿನ ಶಾಲೆಯ ದಾಖಲಾತಿ, ಎಲ್ಲ ಕಡೆಯೂ ನೀವು ಎಷ್ಟೋ ವರ್ಷದಿಂದ ಗಂಡ ಹೆಂಡತಿ. ಇಷ್ಟು ನಿಜವಾದ ಕಾಗದಗಳ ನಡುವೆ ‘ಹೋದ ತಿಂಗಳು ಮದುವೆ’ ಅನ್ನುವ ಒಂದು ಸುಳ್ಳು ಕಾಗದ ಸೇರಿಸಿದರೆ ಏನಾಗುತ್ತದೆ? ವೀಸಾ ಕೊಡುವವರು ಮಕ್ಕಳ ಕಾಗದವನ್ನೂ ನಿಮ್ಮ ಕಾಗದವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆಗೇ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಮೇಲಾಗಿ ಸುಳ್ಳು ದಾಖಲೆ ಸೃಷ್ಟಿಸಿ ಸರ್ಕಾರಿ ಕಚೇರಿಗೆ ಕೊಡುವುದು ಅಪರಾಧ. ಸಿಕ್ಕಿಬಿದ್ದ ದಿನ ಏಜೆಂಟ್ ಫೋನ್ ಎತ್ತುವುದಿಲ್ಲ. ಸಹಿ ನಿಮ್ಮದಲ್ವಾ?

ಈ ‘ಹೊಸ ತಾರೀಕು’ ಉಪಾಯ ನಮ್ಮ ಕಡೆ ಜಾಸ್ತಿ. ಕೋಲಾರದ ಕೋರ್ಟಿನ ಸುತ್ತ ಇಷ್ಟು ವರ್ಷ ಓಡಾಡಿದ ಮೇಲೆ ಇದರ ಲೆಕ್ಕ ನನಗೆ ಗೊತ್ತು. ಹಳೇ ಮದುವೆ ಅಂದರೆ ಫೋಟೋ ಹುಡುಕಬೇಕು, ಲಗ್ನಪತ್ರಿಕೆ ಹುಡುಕಬೇಕು, ಮದುವೆಗೆ ಬಂದಿದ್ದವರನ್ನು ಕರೆತರಬೇಕು. ಏಜೆಂಟಿಗೆ ಅಷ್ಟು ಪುರುಸೊತ್ತಿಲ್ಲ. ಹೊಸ ತಾರೀಕಾದರೆ ಒಂದು ಹಾರ, ಒಂದು ಫೋಟೋ, ಒಂದು ರಸೀದಿ. ಅರ್ಧ ದಿನದ ಕೆಲಸ. ಕಷ್ಟ ಅವರದು ಕಮ್ಮಿಯಾಗುತ್ತದೆ, ನಿಮ್ಮದಲ್ಲ.

ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಮದುವೆ ಆಗುವುದು ಛತ್ರದಲ್ಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗುವುದು ಅದರ ದಾಖಲೆ ಅಷ್ಟೇ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ನೋಂದಣಿಯ ವಿಚಾರ ಹೇಳುತ್ತದೆ. ಮದುವೆಗೆ ಪುರಾವೆ ಸಿಗಲಿ ಅನ್ನುವುದೇ ಅದರ ಉದ್ದೇಶ ಅಂತ ಅಲ್ಲೇ ಬರೆದಿದೆ. ನೋಂದಣಿ ಆಗಿಲ್ಲ ಅನ್ನುವ ಕಾರಣಕ್ಕೆ ಮದುವೆ ಅಸಿಂಧು ಆಗುವುದಿಲ್ಲ ಅಂತಲೂ ಅದೇ ಸೆಕ್ಷನ್ನಿನಲ್ಲಿದೆ. ಅಂದರೆ ಇಷ್ಟು ವರ್ಷ ನೀವು ಕಾನೂನಿನ ಕಣ್ಣಲ್ಲೂ ಹೆಂಡತಿಯೇ. ಆ ಭಯ ಬಿಡಿ.

ಹಾಗಂತ ನೋಂದಣಿ ಬೇಡ ಅಂತ ಅಲ್ಲ. ಎಲ್ಲ ಧರ್ಮದವರ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ರಾಜ್ಯಗಳಿಗೆ ಹೇಳಿದೆ. ಆ ತೀರ್ಪು ಬಂದದ್ದು ಫೆಬ್ರುವರಿ 14ರಂದು, ಪ್ರೇಮಿಗಳ ದಿನ! ಬೇಕೆಂದೇ ಆರಿಸಿದ ದಿನವೇನೂ ಅಲ್ಲ ಬಿಡಿ.

ನಿಮ್ಮ ಏಜೆಂಟಿಗೆ ತೋರಿಸಬೇಕಾದ ತೀರ್ಪು ಇನ್ನೊಂದಿದೆ. 2024ರ ಏಪ್ರಿಲ್‌ನಲ್ಲಿ ಬಂದದ್ದು. ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಒಂದು ಜೋಡಿ, ಇಬ್ಬರೂ ಪೈಲಟ್ ತರಬೇತಿ ಪಡೆದವರು. ಶಾಸ್ತ್ರೋಕ್ತವಾಗಿ ಮದುವೆ ಆಗುವುದಕ್ಕೆ ಮೊದಲೇ ಒಂದು ಸಂಸ್ಥೆಯಿಂದ ಮದುವೆಯ ಪತ್ರ ಮಾಡಿಸಿ, ಅದರ ಮೇಲೆ ನೋಂದಣಿಯನ್ನೂ ಮಾಡಿಸಿಕೊಂಡಿದ್ದರು. ಆಮೇಲೆ ಮದುವೆ ನಡೆಯಲೇ ಇಲ್ಲ, ಜಗಳ ಕೋರ್ಟಿಗೆ ಬಂತು. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಅಲ್ಲ ಅಂತ ಕೋರ್ಟ್ ಹೇಳಿತು. ಅವರ ಸರ್ಟಿಫಿಕೇಟ್ ಅನೂರ್ಜಿತವಾಯಿತು. ಈಗ ಯೋಚನೆ ಮಾಡಿ. ನಿಮಗೆ ನಿಜವಾದ ಮದುವೆ ಇದೆ, ಕಾಗದ ಇಲ್ಲ. ಏಜೆಂಟ್ ಕೊಡುವುದು ನಡೆಯದ ಮದುವೆಯ ಕಾಗದ. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಯಾಕೆ ಹಿಡಿಯಬೇಕು?

ಇನ್ನು ಸೋದರಿಕೆ ಸಂಬಂಧದ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಅತ್ತೆ ಮಗ, ಮಾವನ ಮಗಳು, ಅಕ್ಕನ ಮಗಳು ಅಂತ ಮದುವೆಯಾದವರು ಬೀದಿಗೆ ನಾಲ್ಕು ಮನೆ ಸಿಗುತ್ತಾರೆ. ಎಲ್ಲರಿಗೂ ಇದೇ ಅನುಮಾನ.

ಕಾಯ್ದೆಯ ಅಕ್ಷರ ಓದಿದರೆ ಗಾಬರಿಯಾಗುತ್ತದೆ. ಅಣ್ಣನ ಮಕ್ಕಳು ತಂಗಿಯ ಮಕ್ಕಳು, ಸೋದರಮಾವ ಅಕ್ಕನ ಮಗಳು, ಇವರೆಲ್ಲ ಪರಸ್ಪರ ‘ನಿಷೇಧಿತ ಸಂಬಂಧ’ದ ಪಟ್ಟಿಯಲ್ಲೇ ಬರುತ್ತಾರೆ. ಆದರೆ 5ನೇ ಸೆಕ್ಷನ್ನಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಇಬ್ಬರ ಕಡೆಯ ರೂಢಿಯೂ ಅಂಥ ಮದುವೆಗೆ ಒಪ್ಪುವುದಾದರೆ ಅದು ಸಿಂಧು. ರೂಢಿ ಅಂದರೆ ನಿನ್ನೆ ಮೊನ್ನೆ ಶುರುವಾದದ್ದಲ್ಲ, ಬಹಳ ಕಾಲದಿಂದ ಬಿಡದೆ ನಡೆದುಕೊಂಡು ಬಂದದ್ದಾಗಬೇಕು. ನಮ್ಮ ಕಡೆ ಹುಡುಗಿ ಹುಟ್ಟಿದಾಗಲೇ ಸೋದರತ್ತೆ ಮಗನಿಗೆ ‘ನಿನ್ನ ಹೆಂಡ್ತಿ ಬಂದ್ಲು ನೋಡೋ’ ಅಂತ ತಮಾಷೆ ಮಾಡುತ್ತಾರೆ. ಇದಕ್ಕಿಂತ ಗಟ್ಟಿ ರೂಢಿ ಇನ್ನೆಲ್ಲಿದೆ? ಅತ್ತೆಯ ಮದನಪಲ್ಲಿ ಕಡೆಯೂ ಇದೇ ಪದ್ಧತಿ. ಹಾಗಾಗಿ ಹಿಂದೂ ವಿವಾಹ ಕಾಯ್ದೆಯಡಿ ನಿಮಗೆ ಅಡ್ಡಿಯಿಲ್ಲ. ಕಚೇರಿಯಲ್ಲಿ ಸಂಬಂಧ ಏನು ಅಂತ ಕೇಳಿದರೆ ಮುಚ್ಚಿಡಬೇಡಿ. ‘ಸೋದರತ್ತೆ ಮಗ, ನಮ್ಮಲ್ಲಿ ಪದ್ಧತಿ ಇದೆ’ ಅಂತ ನೇರವಾಗಿ ಹೇಳಿ.

ಆದರೆ ‘ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಮಾಡಿಸಿಬಿಡಿ, ಹೊರದೇಶದಲ್ಲಿ ಅದಕ್ಕೇ ಬೆಲೆ’ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊರದೇಶದವರು ನೋಡುವುದು ಸರ್ಕಾರ ಕೊಟ್ಟ ಸರ್ಟಿಫಿಕೇಟಾ ಇಲ್ವಾ ಅಂತ. ಹಿಂದೂ ಕಾಯ್ದೆಯದ್ದು ಸಾಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಈಗಾಗಲೇ ಆದ ಮದುವೆಯನ್ನು ದಾಖಲಿಸುವ 15ನೇ ಸೆಕ್ಷನ್ ಇದೆ, ನಿಜ. ಅದರಲ್ಲೂ ನಿಷೇಧಿತ ಸಂಬಂಧದ ಷರತ್ತಿದೆ. ಅಲ್ಲಿ ರೂಢಿಯ ವಿನಾಯಿತಿ ಸಿಗುವುದು ಆ ಕಾಯ್ದೆ ಬರುವುದಕ್ಕೆ ಮುಂಚೆ ಆದ ಮದುವೆಗಳಿಗೆ ಮಾತ್ರ. ಆ ಕಾಯ್ದೆಯ ಪಟ್ಟಿಯಲ್ಲಿ ಅತ್ತೆಯ ಮಕ್ಕಳು, ಮಾವನ ಮಕ್ಕಳು, ಅಕ್ಕನ ಮಗಳು ಎಲ್ಲರೂ ಇದ್ದಾರೆ. ನಿಮ್ಮ ಅಜ್ಜಿಯ ಕಾಲದ ಮದುವೆಗೆ ಆ ಬಾಗಿಲು ತೆರೆಯುತ್ತಿತ್ತೇನೋ, ನಿಮ್ಮದಕ್ಕೆ ತೆರೆಯುವುದಿಲ್ಲ. ಅದು ಬೇರೆ ಬೇರೆ ಧರ್ಮದವರಿಗೆ, ಶಾಸ್ತ್ರ ಬೇಡ ಅನ್ನುವವರಿಗೆ ಒಳ್ಳೆಯ ದಾರಿ. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಅಷ್ಟೇ.

ಎಲ್ಲಿ ಅರ್ಜಿ ಹಾಕಬೇಕು? ಮದುವೆ ನಡೆದ ಊರಿನ ಸಬ್ ರಿಜಿಸ್ಟ್ರಾರ್ ಹತ್ತಿರ, ಇಲ್ಲವೇ ಗಂಡು ಹೆಣ್ಣಿನಲ್ಲಿ ಒಬ್ಬರ ವಾಸದ ಊರಿನಲ್ಲಿ. ಮದುವೆ ಆಂಧ್ರದಲ್ಲಿ ಆಗಿದ್ದರೂ ವಾಸದ ಆಧಾರದ ಮೇಲೆ ಇಲ್ಲಿ ಅರ್ಜಿ ಹಾಕಬಹುದು. ನನ್ನ ಸಲಹೆ ಕೇಳಿದರೆ ಶ್ರೀನಿವಾಸಪುರ. ಮದುವೆಯ ಹೊತ್ತಿಗೆ ನೀವು ಇದ್ದದ್ದು ತವರಿನಲ್ಲಿ. ಅದಕ್ಕೆ ಅಪ್ಪನ ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರು, ಹಳೇ ವೋಟರ್ ಐಡಿ, ಇಂಥದ್ದೇನಾದರೂ ಇದ್ದೇ ಇರುತ್ತದೆ. ಕೋಲಾರದ ಬಾಡಿಗೆ ಮನೆಯ ಕರಾರು ಪತ್ರಕ್ಕಿಂತ ಅದು ಗಟ್ಟಿ. ಅರ್ಜಿ ತುಂಬುವ ಮೊದಲು ಒಂದು ಬೆಳಗ್ಗೆ ಅಲ್ಲಿಗೆ ಹೋಗಿ, ಕಾಗದಗಳನ್ನು ತೋರಿಸಿ ಬಾಯಿಮಾತಲ್ಲಿ ಕೇಳಿಕೊಂಡು ಬನ್ನಿ. ಇನ್ನೊಂದು ಸಮಾಧಾನ, ಅಲ್ಲಿ ತೆಲುಗು ಲಗ್ನಪತ್ರಿಕೆ ನೋಡಿ ಯಾರೂ ಹೌಹಾರುವುದಿಲ್ಲ. ಗಡಿ ತಾಲ್ಲೂಕು, ಅರ್ಧ ಊರು ಮನೆಯಲ್ಲಿ ತೆಲುಗೇ ಮಾತಾಡುವುದು. ಆದರೂ ಕಡತಕ್ಕೆ ಅಂತ ಒಂದು ಕನ್ನಡ ಅನುವಾದ ಮಾಡಿಸಿ ನೋಟರಿ ಹತ್ತಿರ ದೃಢೀಕರಿಸಿ ಜೊತೆಗಿಡಿ.

ತಾರೀಕಿನಲ್ಲಿ ಎಡವಬೇಡಿ. ನಮ್ಮ ಕಡೆ ರಿಸೆಪ್ಷನ್ ಮೊದಲು, ಧಾರೆ ಆಮೇಲೆ. ಲಗ್ನಪತ್ರಿಕೆಯಲ್ಲಿ ಮೊದಲು ಕಾಣುವುದು 20ನೇ ತಾರೀಕು. ಸೈಬರ್ ಸೆಂಟರಿನ ಹುಡುಗ ಅದನ್ನೇ ಹೊಡೆದುಬಿಡುತ್ತಾನೆ. ನಿಮ್ಮ ಮದುವೆಯ ದಿನ 21. ಮುಹೂರ್ತ ಯಾವತ್ತು, ಧಾರೆ ಎರೆದು ತಾಳಿ ಕಟ್ಟಿದ್ದು ಯಾವತ್ತು, ಅದೇ ಮದುವೆ ದಿನ. ಫೋಟೋ ಕೂಡ ಅದರದ್ದೇ ಬೇಕು. ಜನ ತರುವುದು ಯಾವ ಫೋಟೋ ಗೊತ್ತಾ? ರಿಸೆಪ್ಷನ್ ಸ್ಟೇಜಿನದ್ದು, ಹಿಂದೆ ಥರ್ಮಾಕೋಲಿನ ಹೃದಯ, ಇವರಿಬ್ಬರೂ ಗೊಂಬೆಗಳ ಹಾಗೆ ನಿಂತಿರುವುದು. ಮುಖ ಚೆನ್ನಾಗಿ ಬಂದಿದೆ ಅಂತ. ಅದರಲ್ಲಿ ಮದುವೆ ಎಲ್ಲಿದೆ? ಬಾಸಿಂಗ ಕಟ್ಟಿಕೊಂಡು, ಹೊಗೆಗೆ ಕಣ್ಣು ಕೆಂಪಾಗಿ, ಪಕ್ಕದಲ್ಲಿ ಪುರೋಹಿತರ ಅರ್ಧ ಮುಖ, ಹಿಂದೆ ನಿಮ್ಮ ಅಪ್ಪ ಅಮ್ಮ ನಿಂತಿರುವ ಫೋಟೋ ಇರುತ್ತದಲ್ಲ, ಅದನ್ನು ತನ್ನಿ. ಛತ್ರದ ಬಿಲ್ಲೋ, ರಸೀದಿಯೋ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ.

ಈಗ ಹೆಸರಿನ ಗೋಜಲು. ನಿಮ್ಮ ಕೆಲಸದಲ್ಲಿ ನಿಜವಾದ ತೊಡಕು ಇದೊಂದೇ. ಆಂಧ್ರದ್ದೂ ಅಲ್ಲ, ಒಂಬತ್ತು ವರ್ಷದ್ದೂ ಅಲ್ಲ.

ನಿಮ್ಮ ಹೆಸರು ಬರೆಯುವುದು ಬೇಡ, ಸುಜಾತ ಅಂತ ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಸುಜಾತ ವಿ’. ವಿ ಅಂದರೆ ಅಪ್ಪ ವೆಂಕಟರೆಡ್ಡಿ. ಆಧಾರ್ ಮಾಡಿಸುವಾಗ ಯಾರೋ ಮನೆಯಲ್ಲಿ ಕರೆಯುವ ಹಾಗೆ ‘ಸುಜಾತಮ್ಮ’ ಅಂತ ಬರೆಸಿದರು. ಪಾನ್ ಕಾರ್ಡ್ ಮಾಡಿಸುವಾಗ ಗಂಡನ ಹೆಸರು ಸೇರಿಸಿ ‘ಸುಜಾತ ರಮೇಶ್’. ಲಗ್ನಪತ್ರಿಕೆಯಲ್ಲಿ ಚಿ||ಸೌ|| ಸುಜಾತ. ಊರಿಗೆಲ್ಲ ಇವರು ಒಬ್ಬರೇ ಅಂತ ಗೊತ್ತು. ಕಂಪ್ಯೂಟರಿಗೆ ನಾಲ್ಕು ಜನ.

ಹುಟ್ಟಿದ ತಾರೀಕಿನದ್ದೂ ಇದೇ ಕಥೆ. ಆಧಾರ್ ಶಿಬಿರದಲ್ಲಿ ಗೊತ್ತಿಲ್ಲ ಅಂದವರಿಗೆಲ್ಲ ಜನವರಿ 1 ಹಾಕಿದರು. ಅದಕ್ಕೂ ಹಿಂದೆ ಶಾಲೆಗೆ ಸೇರಿಸಿದ ಮೇಷ್ಟ್ರು ಲೆಕ್ಕ ಸರಿಹೋಗಲಿ ಅಂತ ಜೂನ್ ತಿಂಗಳ ಯಾವುದೋ ತಾರೀಕು ಬರೆದಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೊಸವರ್ಷದ ದಿನ ಹುಟ್ಟಿದವರಷ್ಟು ಜನ ಬೇರೆ ಯಾವ ದಿನವೂ ಹುಟ್ಟಿಲ್ಲ, ಕಾಗದದ ಪ್ರಕಾರ.

ಮಾಡಬೇಕಾದ್ದು ಇಷ್ಟು. ಒಂದು ಕಾಗದವನ್ನು ತಾಯಿಬೇರು ಅಂತ ಹಿಡಿದುಕೊಳ್ಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ನಿಮಗೆ ಆ ತಾಯಿಬೇರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ವಯಸ್ಸಿಗೆ ಅದನ್ನೇ ನೋಡುವುದು, ಅದನ್ನು ತಿದ್ದಿಸುವುದು ಬಹಳ ಕಷ್ಟ. ಆಧಾರ್ ತಿದ್ದಿಸುವುದು ಅದಕ್ಕಿಂತ ಸುಲಭ. ಆಧಾರ್ ಸೇವಾ ಕೇಂದ್ರಕ್ಕೆ ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ತೆಗೆದುಕೊಂಡು ಹೋಗಿ, ಹೆಸರು ಮತ್ತು ಹುಟ್ಟಿದ ತಾರೀಕು ಎರಡನ್ನೂ ಅದರಂತೆ ಮಾಡಿಸಿ. ಆದರೆ ಹುಷಾರು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ತಾರೀಕು ಒಂದೇ ಸಲ. ಆಪರೇಟರ್ ಟೈಪ್ ಮಾಡುವಾಗ ಪರದೆಯ ಕಡೆ ಕತ್ತು ಚಾಚಿ ಅಕ್ಷರ ಅಕ್ಷರ ಓದಿ. ಬೇಜಾರಾದರೆ ಆಗಲಿ. ಇಂಗ್ಲಿಷ್ ಸ್ಪೆಲ್ಲಿಂಗನ್ನೂ ನೋಡಿ. ಸುಜಾತ ಅನ್ನುವ ಹೆಸರಿನ ಕೊನೆಗೆ ಒಂದು ‘ಎಚ್’ ಹೆಚ್ಚಾದರೂ ವೀಸಾದವರಿಗೆ ಅದು ಬೇರೆ ಹೆಸರು.

ಗಂಡನ ಹೆಸರು ಸೇರಿಸಿಕೊಳ್ಳಬೇಕಾ ಅಂತ ಕೆಲವರು ಕೇಳುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ‘ವಿ’ ಹಾಗೇ ಇರಲಿ. ನನ್ನದೂ ಅಪ್ಪನ ಇನಿಷಿಯಲ್ಲೇ, ಇಪ್ಪತ್ತೆಂಟು ವರ್ಷವಾಯಿತು, ಸಂಸಾರಕ್ಕೇನೂ ಆಗಿಲ್ಲ. ಪಾನ್ ಕಾರ್ಡನ್ನು ಆಮೇಲೆ ನಿಧಾನವಾಗಿ ತಿದ್ದಿಸಿ. ಅಲ್ಲಿಯವರೆಗೆ ‘ಸುಜಾತ ವಿ, ಸುಜಾತಮ್ಮ, ಸುಜಾತ ರಮೇಶ್ ಮೂವರೂ ನಾನೇ’ ಅಂತ ಇ-ಸ್ಟಾಂಪ್ ಕಾಗದದ ಮೇಲೆ ಒಂದು ಅಫಿಡವಿಟ್ ನೋಟರಿ ಮಾಡಿಸಿಟ್ಟುಕೊಳ್ಳಿ.

ಆಧಾರ್ ಸರಿಹೋದ ಮೇಲೆ ಅರ್ಜಿ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಿಂದೂ ವಿವಾಹ ನೋಂದಣಿಯನ್ನು ಸರ್ಕಾರದ ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಮಾಡಬಹುದು. ನಿಮ್ಮದೇ ಮೊಬೈಲ್ ನಂಬರಿನಿಂದ ಖಾತೆ ತೆರೆಯಿರಿ. ಗಂಡ, ಹೆಂಡತಿ, ಮೂವರು ಸಾಕ್ಷಿಗಳ ವಿವರ ತುಂಬಿ. ಲಗ್ನಪತ್ರಿಕೆ, ಮದುವೆ ಫೋಟೋ, ವಯಸ್ಸಿನ ಮತ್ತು ವಿಳಾಸದ ಪುರಾವೆ ಏರಿಸಿ. ಐದೂ ಜನ ಆಧಾರ್ ದೃಢೀಕರಣಕ್ಕೆ ಒಪ್ಪಿ, ಎಲ್ಲ ತಾಳೆಯಾದರೆ ಕಚೇರಿಗೆ ಹೋಗುವ ಕೆಲಸವೇ ಇಲ್ಲ. ಡಿಜಿಟಲ್ ಸಹಿ ಇರುವ ಸರ್ಟಿಫಿಕೇಟ್ ಬರುತ್ತದೆ. ತಾಳೆಯಾಗದಿದ್ದರೆ ಅರ್ಜಿಯ ಪ್ರಿಂಟ್ ತೆಗೆದು, ಸಹಿ ಹಾಕಿ, ಐದೂ ಜನ ಖುದ್ದಾಗಿ ಹೋಗಬೇಕು. ಸರ್ಕಾರದ ಶುಲ್ಕ ಅಂತ ಆಗುವುದು ತೀರಾ ಕಮ್ಮಿ, ಒಂಬತ್ತು ಸಾವಿರದ ಹತ್ತಿರಕ್ಕೂ ಬರುವುದಿಲ್ಲ.

ಕೇಳುವುದಕ್ಕೆ ಸಲೀಸು. ಮೊನ್ನೆ ಒಂದು ಮನೆಯಲ್ಲಿ ಕೂತು ಇದನ್ನು ಮಾಡಿಸುತ್ತಿದ್ದೆ. ಗಂಡ ಹೆಂಡತಿಯದ್ದು ಹತ್ತು ನಿಮಿಷದಲ್ಲಿ ಆಯಿತು. ಮೂರನೇ ಸಾಕ್ಷಿ ದೊಡ್ಡಪ್ಪ. ಎಪ್ಪತ್ತರ ಮೇಲಿನ ವಯಸ್ಸು, ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನ್. ಓಟಿಪಿ ಕಳಿಸಿದೆವು, ಬರಲೇ ಇಲ್ಲ. ‘ಸಿಗ್ನಲ್ ಇಲ್ಲ ಕಣಮ್ಮಾ’ ಅಂತ ಫೋನ್ ಹಿಡಿದು ಅಂಗಳಕ್ಕೆ ಹೋದರು, ಮಾವಿನ ಮರದ ಕೆಳಗೆ ನಿಂತರು, ತಾರಸಿ ಹತ್ತಿದರು. ಕೊನೆಗೆ ನೋಡಿದರೆ ಆಧಾರ್‌ಗೆ ಕೊಟ್ಟ ನಂಬರ್ ಮಗನದ್ದು. ಮಗ ಇರುವುದು ಹೊಸಕೋಟೆಯಲ್ಲಿ, ಶಿಫ್ಟಿನಲ್ಲಿ, ಫೋನ್ ಲಾಕರಿನಲ್ಲಿ. ಅವತ್ತು ಕೆಲಸ ಅಲ್ಲಿಗೇ ನಿಂತಿತು. ದೊಡ್ಡಪ್ಪ ಮಾತ್ರ ಬಂದ ತಪ್ಪಿಗೆ ಅಂತ ಊಟ ಮಾಡಿಕೊಂಡು ಹೋದರು.

ಹಾಗಾಗಿ ಸಾಕ್ಷಿಗಳನ್ನು ಆರಿಸುವಾಗ ಎರಡು ನೋಡಿ. ಮದುವೆಗೆ ನಿಜವಾಗಿ ಬಂದಿದ್ದವರಾ? ಆಧಾರ್‌ಗೆ ಕೊಟ್ಟ ನಂಬರ್ ಅವರ ಕೈಯಲ್ಲೇ ಇದೆಯಾ? ನಿಮ್ಮ ಅಪ್ಪ, ಅತ್ತೆ, ಜೊತೆಗೆ ಮದುವೆ ಫೋಟೋದಲ್ಲಿ ಕಾಣುವ ಚಿಕ್ಕಪ್ಪನ ಮಗನೋ ಸ್ನೇಹಿತೆಯೋ ಆದರೆ ಸಾಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತಿದ್ದು ‘ಐನೂರು ಕೊಡಿ, ಸಹಿ ಹಾಕ್ತೀನಿ’ ಅನ್ನುವವರು ಬೇಡ. ನಾಳೆ ಯಾವತ್ತಾದರೂ ಕರೆದು ಕೇಳಿದರೆ ನಿಮ್ಮ ಮದುವೆ ಯಾವ ಛತ್ರದಲ್ಲಿ ಆಯಿತು ಅಂತ ಅವರಿಗೇನು ಗೊತ್ತು?

ಸರ್ಟಿಫಿಕೇಟ್ ಆಗುವ ಮೊದಲು ಕರಡು ತೋರಿಸುತ್ತಾರೆ. ಅದನ್ನು ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಊರಿಗೆಲ್ಲ ಕಾಗದ ಮಾಡಿಸಿಕೊಡುವ ನನ್ನದೇ ಮದುವೆ ಸರ್ಟಿಫಿಕೇಟಿನಲ್ಲಿ ಮಾವನವರ ಹೆಸರಿನ ಜಾಗಕ್ಕೆ ಭಾವನ ಹೆಸರು ಬಂದಿತ್ತು. ಹೆಚ್ಚು ಕಮ್ಮಿ ಒಂದು ವರ್ಷ ಅದು ಬೀರುವಿನಲ್ಲಿ ಪಟ್ಟು ಸೀರೆಯ ಕೆಳಗೆ ಬೆಚ್ಚಗಿತ್ತು. ಬ್ಯಾಂಕಿನವರು ಓದಿ ನಕ್ಕಾಗಲೇ ಗೊತ್ತಾದದ್ದು. ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ಅಫಿಡವಿಟ್, ಮತ್ತೆ ನಾಲ್ಕು ಸಲ ಓಡಾಟ.

ಸರ್ಟಿಫಿಕೇಟ್ ಕೈಗೆ ಬಂದಮೇಲೆ ಜಪಾನಿಗೆ ಅಂತ ಇನ್ನೊಂದು ಮೆಟ್ಟಿಲಿದೆ, ಅಪಾಸ್ಟಿಲ್. ಇದು ನಮ್ಮ ದೇಶದ ಕಾಗದ ಅಸಲಿ ಅಂತ ಇನ್ನೊಂದು ದೇಶಕ್ಕೆ ಹೇಳುವ ಮುದ್ರೆ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ, ಜಪಾನೂ ಇದೆ. ಮೊದಲು ರಾಜ್ಯ ಸರ್ಕಾರದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಇದು ಬೇಕಾ, ಬರೀ ಸರ್ಟಿಫಿಕೇಟ್ ಮತ್ತು ಜಪಾನಿ ಅನುವಾದ ಸಾಕಾ ಅಂತ ಕಂಪನಿಯ ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬೇಡದಿದ್ದರೆ ಸುಮ್ನೆ ಮಾಡಿಸಬೇಡಿ. ನಿಮ್ಮ ಪಾಸ್‌ಪೋರ್ಟ್ ಇನ್ನೂ ಆಗಿಲ್ಲದಿದ್ದರೆ ಈಗಲೇ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಅರ್ಜಿಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅನ್ನುವುದನ್ನು 2016ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಆದರೆ ಆಧಾರ್ ತಿದ್ದಿಸಿದ ಮೇಲೆ ಹಾಕಿ. ಇಲ್ಲದಿದ್ದರೆ ಐದನೇ ಸುಜಾತ ಹುಟ್ಟಿಕೊಳ್ಳುತ್ತಾರೆ.

ಕೊನೆಗೆ ಆ ಏಜೆಂಟ್. ಎರಡು ಸಾವಿರಕ್ಕಿಂತ ನನಗೆ ಚಿಂತೆ ನೀವು ಕೊಟ್ಟಿರಬಹುದಾದ ಆಧಾರ್ ಜೆರಾಕ್ಸ್ ಮತ್ತು ಫೋಟೋಗಳದ್ದು. ಇವತ್ತೇ ಹೋಗಿ ಎಲ್ಲ ವಾಪಸ್ ಇಸ್ಕೊಳ್ಳಿ. ಒಬ್ಬರೇ ಹೋಗಬೇಡಿ, ಅಪ್ಪನನ್ನೋ ನಿಮ್ಮವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಕಾವೇರಿಯಲ್ಲಿ ನಿಮ್ಮ ಹೆಸರಿನಲ್ಲಿ ಏನಾದರೂ ಅರ್ಜಿ ಹಾಕಿದ್ದಾರಾ ಅಂತ ನೇರವಾಗಿ ಕೇಳಿ. ಈ ದಿನಗಳಲ್ಲಿ ನಿಮಗೋ ನಿಮ್ಮವರಿಗೋ ಆಧಾರ್ ಓಟಿಪಿ ಬಂದು, ಫೋನಿನಲ್ಲಿ ಅವರಿಗೆ ಹೇಳಿದ್ದು ನೆನಪಿದೆಯಾ? ಹೇಳಿದ್ದರೆ ಅರ್ಜಿ ಹೋಗಿರುವ ಸಾಧ್ಯತೆ ಇದೆ. ಆಗ ಸಬ್ ರಿಜಿಸ್ಟ್ರಾರ್‌ಗೆ ಒಂದು ಪತ್ರ ಕೊಡಿ. ‘ನಮ್ಮ ಹೆಸರಿನಲ್ಲಿ ಈ ವರ್ಷದ ತಾರೀಕು ಹಾಕಿ ಅರ್ಜಿ ಬಂದಿದ್ದರೆ ಅದು ನಮ್ಮ ಒಪ್ಪಿಗೆಯದ್ದಲ್ಲ, ನಮ್ಮ ಮದುವೆ ಆದದ್ದು 2016ರ ಫೆಬ್ರುವರಿ 21ರಂದು’ ಅಂತ ಬರೆದು ಇಬ್ಬರೂ ಸಹಿ ಹಾಕಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.